‘ಟಕ್’ ಸದ್ದಿನ ಬೆನ್ನುಹತ್ತಿ: ರೋಡ್‌ಸ್ಟರ್‌ನ ಡಿಫರೆನ್ಷಿಯಲ್ ಬುಷ್ ಬದಲಾವಣೆ

ಫೆಬ್ರುವರಿ 24, 2024, ಶನಿವಾರ

ಮೂರು ತಿಂಗಳಿಂದ ಒಂದು ಸದ್ದು ಕಾಡುತ್ತಿದೆ. ಎರಡನೆಯ ಗೇರಿನಲ್ಲಿ ಹೋಗುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬೆನ್ನ ಹಿಂದೆ ‘ಟಕ್’. ಮತ್ತೆ ಒತ್ತಿದರೆ ಇನ್ನೊಂದು ‘ಟಕ್’. ರಿವರ್ಸ್ ಹಾಕಿ ಕ್ಲಚ್ ಬಿಡುವಾಗ ಅದೇ ಸದ್ದು ಇನ್ನೂ ದಪ್ಪವಾಗಿ ಕೇಳುತ್ತದೆ. ಮೊನ್ನೆ ಶಾಲೆಗೆ ಬಿಡಲು ಹೋಗುವಾಗ ಮಗಳು, ‘ಅಪ್ಪಾ, ಕಾರಿಗೆ ಬಿಕ್ಕಳಿಕೆ ಬಂದಿದೆ’ ಎಂದಳು. ಎಂಟು ವರ್ಷದ ಹುಡುಗಿಯ ಕಿವಿಗೂ ಬಿದ್ದ ಮೇಲೆ ಇನ್ನು ಮುಂದೂಡುವುದು ಸರಿಯಲ್ಲ. ಏಪ್ರಿಲ್‌ನಲ್ಲಿ ಎಂಒಟಿ, ಅಂದರೆ ಬ್ರಿಟನ್ನಿನಲ್ಲಿ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ತಪಾಸಣೆಯೂ ಇದೆ.

ಕಾರು 1992ರ ಯೂನೋಸ್ ರೋಡ್‌ಸ್ಟರ್, 1.6 ಲೀಟರ್ ಎಂಜಿನ್. ಮಾಜ್ದಾ ಕಂಪನಿ 1989ರ ಫೆಬ್ರುವರಿಯಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದ ಎಂಎಕ್ಸ್-5 ಕಾರೇ ಇದು. ಜಪಾನಿನಲ್ಲಿ ಯೂನೋಸ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅಲ್ಲಿಯೂ ಬ್ರಿಟನ್ನಿನಲ್ಲಿಯೂ ಸ್ಟಿಯರಿಂಗ್ ಬಲಗಡೆಗೇ ಇರುವುದರಿಂದ ಹಳೆಯ ಯೂನೋಸ್‌ಗಳು ಹಡಗಿನಲ್ಲಿ ಇಲ್ಲಿಗೆ ಸಾಕಷ್ಟು ಬಂದಿವೆ. ನನ್ನದನ್ನು ಆರು ವರ್ಷದ ಹಿಂದೆ ಕೊಂಡೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪಿನ ನೀರು ಕಾರಿನ ತಳವನ್ನು ತಿನ್ನದಂತೆ ನೋಡಿಕೊಳ್ಳುವುದರಲ್ಲೇ ನನ್ನ ಅರ್ಧ ಶ್ರಮ ಹೋಗಿದೆ.

ಕಳೆದ ತಿಂಗಳು ಒಂದು ಗ್ಯಾರೇಜಿಗೆ ತೋರಿಸಿದೆ. ಕಾರನ್ನು ಎತ್ತಿಯೂ ನೋಡದೆ ಗೇರ್‌ಬಾಕ್ಸ್ ಹೋಗಿದೆ, ಬದಲಿಸಬೇಕು ಎಂದರು. ನನಗೆ ನಂಬಿಕೆ ಬರಲಿಲ್ಲ. ಗೇರುಗಳು ಬೆಣ್ಣೆಯಂತೆ ಬೀಳುತ್ತಿವೆ, ಸದ್ದು ಬರುತ್ತಿರುವುದು ಸೊಂಟದ ಹಿಂದಿನಿಂದ.

ಮಾರ್ಚ್ 2, ಶನಿವಾರ

ಇವತ್ತು ಕಾರನ್ನು ನಾಲ್ಕು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ ಕೆಳಗೆ ಮಲಗಿದೆ. ಮೊದಲು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ಯೂನಿವರ್ಸಲ್ ಜಾಯಿಂಟುಗಳನ್ನು ಕೈಯಿಂದ ತಿರುಚಿ ನೋಡಿದೆ. ಬಿಗಿಯಾಗಿವೆ. ಚಕ್ರಗಳ ಬೇರಿಂಗ್ ಸರಿ ಇವೆ. ಆಮೇಲೆ ಉದ್ದನೆಯ ಸಲಾಕೆಯನ್ನು ಡಿಫರೆನ್ಷಿಯಲ್ (ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಹೌಸಿಂಗಿನ ಬಲತೋಳಿಗೂ ಅದನ್ನು ಹೊತ್ತಿರುವ ಸಬ್‌ಫ್ರೇಮ್ ಎಂಬ ಚೌಕಟ್ಟಿಗೂ ನಡುವೆ ಕೊಟ್ಟು ಮೆಲ್ಲಗೆ ಮೀಟಿದೆ. ಅಷ್ಟು ಭಾರದ ಹೌಸಿಂಗ್ ಸಡಿಲವಾದ ಹಲ್ಲಿನಂತೆ ಅಲುಗಾಡಿತು. ಟಾರ್ಚ್ ಹಾಕಿ ನೋಡಿದರೆ ತೋಳಿನ ತುದಿಯ ಬುಷ್‌ನ, ಅಂದರೆ ಅದುರು ನುಂಗುವ ಮೆತ್ತೆಯ, ರಬ್ಬರು ನಡುವಿನ ಉಕ್ಕಿನ ಕೊಳವೆಯಿಂದ ಅರ್ಧ ಸುತ್ತು ಕಿತ್ತು ಬಂದಿದೆ. ಎಡಗಡೆಯದರಲ್ಲಿ ಬಿರುಕು ಇದೆ, ಆದರೆ ಇನ್ನೂ ಹಿಡಿದುಕೊಂಡಿದೆ.

ಈ ಕಾರಿನ ರಚನೆ ಗೊತ್ತಿದ್ದರೆ ಆ ಎರಡು ಬುಷ್‌ಗಳ ಮೇಲಿನ ಹೊರೆ ಎಂಥದು ಎಂದು ಅರ್ಥವಾಗುತ್ತದೆ. ಮಾಜ್ದಾ ಎಂಜಿನಿಯರುಗಳು ಗೇರ್‌ಬಾಕ್ಸಿನ ಬಾಲವನ್ನೂ ಡಿಫರೆನ್ಷಿಯಲ್ಲಿನ ಮೂತಿಯನ್ನೂ ಉದ್ದನೆಯ ಅಲ್ಯೂಮಿನಿಯಂ ತೊಲೆಯೊಂದರಿಂದ ಬೆಸೆದಿದ್ದಾರೆ. ಅದಕ್ಕೆ ಪವರ್ ಪ್ಲಾಂಟ್ ಫ್ರೇಮ್ ಎಂದು ಹೆಸರು, ಚಿಕ್ಕದಾಗಿ ಪಿಪಿಎಫ್. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಸೇರಿ ಒಂದೇ ಬೆನ್ನುಮೂಳೆ. ಕಾಲು ಒತ್ತಿದ ಕ್ಷಣವೇ ಚಕ್ರಕ್ಕೆ ಬಲ ಮುಟ್ಟುತ್ತದೆ ಎಂಬ ಅನುಭವ ಈ ಕಾರಿನಲ್ಲಿ ಸಿಗುವುದು ಅದರಿಂದಲೇ. ಆದರೆ ಆ ಇಡೀ ಬೆನ್ನುಮೂಳೆ ಕಾರಿನ ದೇಹಕ್ಕೆ ಆತುಕೊಂಡಿರುವುದು ನಾಲ್ಕೇ ರಬ್ಬರು ತುಂಡುಗಳ ಮೇಲೆ: ಮುಂದೆ ಎರಡು ಎಂಜಿನ್ ಮೌಂಟ್, ಹಿಂದೆ ಈ ಎರಡು ಬುಷ್. ಎಂಜಿನ್ ಕೊಡುವ ಗರಿಷ್ಠ ತಿರುಚುಬಲ 137 ನ್ಯೂಟನ್-ಮೀಟರ್. ಮೊದಲ ಗೇರಿನ ಅನುಪಾತ 3.136, ಡಿಫರೆನ್ಷಿಯಲ್ಲಿನ ಅನುಪಾತ 4.3 ಇವೆರಡರಿಂದ ಗುಣಿಸಿದರೆ ಚಕ್ರಗಳ ಬಳಿ ಅದು ಸುಮಾರು 1,850 ಆಗುತ್ತದೆ. ಚಕ್ರವನ್ನು ಮುಂದಕ್ಕೆ ತಿರುಗಿಸುವಷ್ಟೇ ಬಲದಿಂದ ಹೌಸಿಂಗ್ ಹಿಂದಕ್ಕೆ ತಿರುಗಿ ಮೂತಿ ಎತ್ತಲು ನೋಡುತ್ತದೆ. ಮೂವತ್ತೆರಡು ವರ್ಷ, ಪ್ರತಿ ಗೇರ್ ಬದಲಾವಣೆಗೂ ಆ ಎಳೆದಾಟವನ್ನು ಈ ರಬ್ಬರು ತಡೆದುಕೊಂಡಿದೆ. ಅದನ್ನು ಕೆಟ್ಟ ಮಾಲು ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಒಂದು ಪ್ರಶ್ನೆ ಮಾತ್ರ ಉಳಿದಿದೆ. ಎರಡೂ ಒಂದೇ ವಯಸ್ಸಿನವು. ಬಲಗಡೆಯದು ಮಾತ್ರ ಇಷ್ಟು ಹಾಳಾದದ್ದು ಏಕೆ? ರಾತ್ರಿ ಡಿಫರೆನ್ಷಿಯಲ್ಲಿನ ಕೆಳಗೆ ಬಿಳಿ ರಟ್ಟೊಂದನ್ನು ಹಾಸಿ ಬಂದೆ.

ಮಾರ್ಚ್ 3, ಭಾನುವಾರ

ರಟ್ಟಿನ ಮೇಲೆ ಬಲಬದಿಯಲ್ಲಿ ಎರಡು ಎಣ್ಣೆಯ ಕಲೆಗಳು. ಬಲಗಡೆಯ ಆಕ್ಸಲ್ ಹೊರಬರುವಲ್ಲಿನ ಆಯಿಲ್ ಸೀಲ್ ಒಸರುತ್ತಿದೆ. ತಿರುಗುವ ಶಾಫ್ಟು ಆ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುತ್ತದೆ, ತೋಳಿನ ಕೆಳಮೈಯೆಲ್ಲ ಜಿಡ್ಡು. ಎಣ್ಣೆ ಕುಡಿದ ರಬ್ಬರು ಉಬ್ಬುತ್ತದೆ, ಮೆತ್ತಗಾಗುತ್ತದೆ, ಉಕ್ಕಿನ ಹಿಡಿತವನ್ನು ಬಿಡುತ್ತದೆ. ಬುಷ್ ಒಂದನ್ನೇ ಬದಲಿಸಿದ್ದರೆ ರೋಗ ಅಲ್ಲೇ ಉಳಿಯುತ್ತಿತ್ತು. ಎರಡೂ ಬದಿಯ ಸೀಲ್‌ಗಳನ್ನು ಸೇರಿಸಿ ಸಾಮಾನಿಗೆ ಬರೆದು ಕಳಿಸಿದೆ.

ಬುಷ್ ಯಾವುದು ಎಂಬ ಬಗ್ಗೆ ಬಹಳ ಯೋಚಿಸಿದೆ. ಟ್ರ್ಯಾಕ್‌ನಲ್ಲಿ ಓಡಿಸುವವರು ಗಟ್ಟಿ ಅಲ್ಯೂಮಿನಿಯಂ ಬುಷ್ ಹಾಕುತ್ತಾರೆ. ಆಗ ಹೌಸಿಂಗ್ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ, ಆದರೆ ಡಿಫರೆನ್ಷಿಯಲ್ಲಿನ ಒಳಗಿನ ಕ್ರೌನ್-ಪಿನಿಯನ್ ಗೇರುಗಳ ಹಲ್ಲುಗಳ ಪ್ರತಿಯೊಂದು ಸದ್ದೂ ನೇರವಾಗಿ ಸೀಟಿಗೆ ಬರುತ್ತದೆ. ಮಗಳನ್ನು ಕೂರಿಸಿಕೊಂಡು ಓಡಿಸುವ ಕಾರಿಗೆ ಅದು ಬೇಡ. ಕೊನೆಗೆ ಶೋರ್ ಎ ಅಳತೆಯಲ್ಲಿ 80 ಗಡಸುತನದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಬುಷ್ ತರಿಸಿದೆ. ರಬ್ಬರಿಗಿಂತ ಬಿಗಿ, ಎಣ್ಣೆಗೆ ಸುಲಭವಾಗಿ ಬಗ್ಗುವುದಿಲ್ಲ, ಆದರೂ ಸ್ವಲ್ಪ ಮಣಿಯುತ್ತದೆ. ಆ ಸ್ವಲ್ಪ ನನಗೆ ಬೇಕು.

ಮಾರ್ಚ್ 9 ಮತ್ತು 10

ಹೌಸಿಂಗ್ ಇಳಿಸುವ ಕೆಲಸ. ಒಂದು ದಿನ ಎಂದುಕೊಂಡದ್ದು ಎರಡು ದಿನ ಹಿಡಿಯಿತು.

ಮೊದಲು ಎಣ್ಣೆ ತುಂಬುವ ಪ್ಲಗ್ ಬಿಚ್ಚಿ ಬರುತ್ತದೆಯೇ ಎಂದು ನೋಡಿಕೊಂಡೆ, ಆಮೇಲೆ ಕೆಳಗಿನದಕ್ಕೆ ಕೈ ಹಾಕಿದೆ. ಎಣ್ಣೆ ಚೆಲ್ಲಿದ ಮೇಲೆ ತುಂಬುವ ಪ್ಲಗ್ ಕಚ್ಚಿಕೊಂಡರೆ ಕಾರು ಅಲ್ಲೇ ನಿಲ್ಲುತ್ತದೆ. ಪ್ರೊಪೆಲ್ಲರ್ ಶಾಫ್ಟಿಗೂ ಪಿನಿಯನ್ ಫ್ಲ್ಯಾಂಜಿಗೂ ಅಡ್ಡಲಾಗಿ ಬಿಳಿ ಬಣ್ಣದ ಗೆರೆ ಎಳೆದು ನಾಲ್ಕು ಬೋಲ್ಟ್ ತೆಗೆದೆ; ಮತ್ತೆ ಕೂರಿಸುವಾಗ ಅದೇ ಗೆರೆ ಕೂಡದಿದ್ದರೆ ನಡುಕ ಬರಬಹುದು. ಎರಡೂ ಬದಿಯ ಆಕ್ಸಲ್ ಶಾಫ್ಟುಗಳನ್ನು ಬಿಡಿಸಿ ಜೋತುಬೀಳದಂತೆ ತಂತಿಯಿಂದ ಮೇಲಕ್ಕೆ ಕಟ್ಟಿದೆ.

ಪಿಪಿಎಫ್ ಬಿಚ್ಚುವ ಮೊದಲು ಗೇರ್‌ಬಾಕ್ಸಿನ ಬಾಲಕ್ಕೆ ಜ್ಯಾಕ್ ಕೊಡಲೇಬೇಕು. ಅದನ್ನು ಹಿಡಿದಿರುವುದು ಆ ತೊಲೆ ಮಾತ್ರ, ಬೇರೆ ಆಸರೆ ಇಲ್ಲ. ತೊಲೆಯ ಕೆಳ ಅಂಚು ಕಾರಿನ ತಳದಿಂದ ಎಷ್ಟು ದೂರದಲ್ಲಿದೆ ಎಂದು ನೇರ ಪಟ್ಟಿ ಇಟ್ಟು ಅಳೆದು ಬರೆದುಕೊಂಡೆ. ತಿರುಗಿ ಜೋಡಿಸುವಾಗ ಅದು ಬಾಗಿ ಕುಳಿತರೆ ಪ್ರೊಪೆಲ್ಲರ್ ಶಾಫ್ಟಿನ ಕೋನವೇ ತಪ್ಪುತ್ತದೆ. ಎರಡು ಬೋಲ್ಟ್ ಸಲೀಸಾಗಿ ಬಂದವು. ಬೋಲ್ಟ್ ಹಾದುಹೋಗುವ ಉಕ್ಕಿನ ಕೊಳವೆ ಮಾತ್ರ ಅಲ್ಯೂಮಿನಿಯಮ್ಮಿಗೆ ಕಚ್ಚಿಕೊಂಡು ಕದಲಲಿಲ್ಲ. ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿ ಕಟ್ಟಿದ ಬಿಳಿ ತುಕ್ಕು. ಬಡಿದರೆ ತೊಲೆ ಸೀಳಬಹುದು ಎಂಬ ಭಯದಿಂದ ತುಕ್ಕುಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಟ್ಟೆ. ಭಾನುವಾರ ಬೆಳಿಗ್ಗೆ ಸ್ಪಾನರ್ ಹಿಡಿದು ಹಿಂದೆ ಮುಂದೆ ತಿರುಗಿಸುತ್ತಾ ಹೋದಾಗ ‘ಕ್ರಿಂಯ್’ ಎಂದು ಬಿಟ್ಟಿತು. ಮಧ್ಯಾಹ್ನದ ಊಟದ ಹೊತ್ತಿಗೆ ಹೌಸಿಂಗ್ ಮೇಜಿನ ಮೇಲೆ ಇತ್ತು. ಹೆಂಡತಿ ಜ್ಯಾಕ್ ಇಳಿಸಿದಳು, ನಾನು ಸಮತೋಲ ಹಿಡಿದೆ. ಇದನ್ನು ಒಬ್ಬರೇ ಮಾಡಬಾರದು.

ಮಾರ್ಚ್ 16, ಶನಿವಾರ

ಹಳೆಯ ಬುಷ್ ತೆಗೆಯುವುದೇ ಈ ಕೆಲಸದ ಹೃದಯ.

ಬೆಳಿಗ್ಗೆ ಶಿವಮೊಗ್ಗದಲ್ಲಿ ಲೇತ್ ಕೆಲಸ ಮಾಡುವ ಸೋದರಮಾವನಿಗೆ ವಿಡಿಯೊ ಕರೆ ಮಾಡಿ ಹೌಸಿಂಗ್ ತೋರಿಸಿದೆ. ನಲವತ್ತು ವರ್ಷದಿಂದ ಜೀಪು, ಲಾರಿ, ಟ್ರ್ಯಾಕ್ಟರುಗಳ ಬುಷ್ ಬಡಿದ ಕೈ ಅವರದು.

‘ಮಾವ, ರಬ್ಬರನ್ನು ಸುಟ್ಟುಬಿಟ್ಟರೆ ಬೇಗ ಬರುವುದಿಲ್ಲವೇ?’ ಎಂದು ಕೇಳಿದೆ.

‘ಬೀಡು ಕಬ್ಬಿಣವಾಗಿದ್ದರೆ ಸುಡು ಎನ್ನುತ್ತಿದ್ದೆ. ಅಲ್ಯೂಮಿನಿಯಮ್ಮಿಗೆ ಬೆಂಕಿ ತೋರಿಸಬೇಡ. ರಬ್ಬರಿನ ಸುತ್ತ ಡ್ರಿಲ್‌ನಿಂದ ತೂತು ಹಾಕುತ್ತಾ ಹೋಗು, ನಡುವಿನದು ತಾನಾಗಿ ಬೀಳುತ್ತದೆ. ಹೊರಗಿನ ಉಕ್ಕಿನ ಬಳೆಯನ್ನು ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದ ಒಂದು ಕಡೆ ಕೊಯ್ಯಿ. ಪಕ್ಕದಲ್ಲಿ ಒಂದು ಅಯಸ್ಕಾಂತ ಇಟ್ಟುಕೊ.’

ಅಯಸ್ಕಾಂತ ಏಕೆ ಎಂದು ಕೇಳುವ ಮೊದಲೇ ಹೇಳಿದರು: ಉದುರುವ ಪುಡಿ ಅಂಟಿಕೊಳ್ಳುವವರೆಗೆ ನೀನು ಉಕ್ಕನ್ನು ಕೊಯ್ಯುತ್ತಿದ್ದೀಯೆ. ಅಂಟದ ಪುಡಿ ಬಂದ ಕೂಡಲೇ ಕೈ ನಿಲ್ಲಿಸು, ನೀನು ಹೌಸಿಂಗ್ ತಲುಪಿದ್ದೀಯೆ.

ಅಷ್ಟು ಸರಳವಾದ, ಅಷ್ಟು ನಿಖರವಾದ ಉಪಾಯವನ್ನು ನಾನು ಯಾವ ಮ್ಯಾನ್ಯುಯಲ್‌ನಲ್ಲಿಯೂ ಓದಿಲ್ಲ. ಹೌಸಿಂಗಿನ ತೆರೆದ ಬಾಯಿಗಳಿಗೆಲ್ಲ ಬಟ್ಟೆ ತುರುಕಿ ಕೆಲಸಕ್ಕೆ ಕುಳಿತೆ. ಬ್ಲೇಡಿಗೆ ಚೌಕಟ್ಟು ಹಾಕಲು ಜಾಗವಿಲ್ಲ. ಒಂದು ತುದಿಗೆ ಬಟ್ಟೆ ಸುತ್ತಿ ಬೆರಳಿನಲ್ಲೇ ಎಳೆಯಬೇಕು. ಹತ್ತು ಎಳೆತಕ್ಕೊಮ್ಮೆ ಪುಡಿಯನ್ನು ಕಾಗದದ ಮೇಲೆ ತಟ್ಟಿ ಅಯಸ್ಕಾಂತ ತೋರಿಸುವುದು. ಎಡಗಡೆಯದಕ್ಕೆ ಐವತ್ತು ನಿಮಿಷ ಬೇಕಾಯಿತು. ಬಳೆಯ ಸೀಳಿಗೆ ಚಿಕ್ಕ ಉಳಿ ಕೊಟ್ಟು ಒಳಕ್ಕೆ ಮಡಚಿದಾಗ ಅದು ಬಾಳೆಯ ಸಿಪ್ಪೆಯಂತೆ ಸುರುಳಿಯಾಗಿ ಬಂತು. ಒಳಗಿನ ಅಲ್ಯೂಮಿನಿಯಂ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲ.

ಬಲಗಡೆಯದರಲ್ಲಿ ಸಂಜೆಯ ಆಯಾಸಕ್ಕೆ ಒಂದು ಸಲ ಪುಡಿ ನೋಡುವುದನ್ನು ಬಿಟ್ಟೆ. ಉಗುರು ತಾಗಿದರೆ ಗೊತ್ತಾಗುವಷ್ಟು ಗೀರು ಬಿದ್ದಿದೆ. ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಮಾವನಿಗೆ ಫೋಟೊ ಕಳಿಸಿದೆ. ಆಳವಿಲ್ಲ, ನಯವಾದ ಎಮರಿ ಕಾಗದದಿಂದ ಅಂಚು ತೆಗೆ, ಬುಷ್ ಕೂರುವುದಕ್ಕೆ ತೊಂದರೆಯಿಲ್ಲ ಎಂದು ಉತ್ತರ ಬಂದ ಮೇಲೆ ನಿದ್ದೆ ಹತ್ತಿತು.

ಮಾರ್ಚ್ 29, ಗುಡ್ ಫ್ರೈಡೆ

ರಜೆ. ಹೊಸ ಸೀಲ್‌ಗಳ ತುಟಿಗೆ ಎಣ್ಣೆ ಸವರಿ, ಅಳತೆಗೆ ಸರಿಯಾದ ಸಾಕೆಟ್ ಅಡ್ಡವಿಟ್ಟು ಸಮನಾಗಿ ತಟ್ಟಿ ಕೂರಿಸಿದೆ. ಬುಷ್‌ಗಳು ಎರಡು ಹೋಳುಗಳಾಗಿ ಬರುತ್ತವೆ. ಡಬ್ಬಿಯಲ್ಲಿ ಕೊಟ್ಟಿದ್ದ ಗ್ರೀಸ್ ಹಚ್ಚಿ ಎರಡೂ ಕಡೆಯಿಂದ ಒತ್ತಿ, ನಡುವೆ ಉಕ್ಕಿನ ಕೊಳವೆಯನ್ನು ವೈಸ್‌ನಲ್ಲಿ ತಳ್ಳಿದರೆ ಮುಗಿಯಿತು. ತೆಗೆಯಲು ಒಂದು ದಿನ, ಹಾಕಲು ಹತ್ತು ನಿಮಿಷ.

ಏರಿಸುವುದು ಇಳಿಸಿದ್ದಕ್ಕಿಂತ ಸುಲಭವಾಯಿತು. ತೋಳಿನ ನಟ್‌ಗಳನ್ನು ಮೊದಲು ಕೈಬಿಗಿಯಲ್ಲಿ ಬಿಟ್ಟು, ಪ್ರೊಪೆಲ್ಲರ್ ಶಾಫ್ಟಿನ ಬಿಳಿ ಗೆರೆ ಕೂಡಿಸಿ, ಪಿಪಿಎಫ್ ಎತ್ತರವನ್ನು ಬರೆದುಕೊಂಡ ಅಳತೆಗೆ ತಂದೆ. ಅದಕ್ಕೇ ಒಂದು ಗಂಟೆ ಹೋಯಿತು. ಒಂದು ಬೋಲ್ಟ್ ಬಿಗಿದರೆ ಇನ್ನೊಂದು ತುದಿ ಎರಡು ಮಿಲಿಮೀಟರ್ ಸರಿಯುತ್ತದೆ. ಕೊನೆಗೆ ಪಿಪಿಎಫ್ ಬೋಲ್ಟ್‌ಗಳನ್ನು ಮ್ಯಾನ್ಯುಯಲ್ ಹೇಳುವ 104ರಿಂದ 123 ನ್ಯೂಟನ್-ಮೀಟರ್ ನಡುವೆ, ಟಾರ್ಕ್ ರೆಂಚಿನಲ್ಲಿ 115ಕ್ಕೆ ಬಿಗಿದೆ. ಈ ಮಾದರಿಯ ಡಿಫರೆನ್ಷಿಯಲ್ಲಿಗೆ ಬೇಕಾದ ಎಣ್ಣೆ ಬರೀ 0.65 ಲೀಟರ್, ಜಿಎಲ್-5 ದರ್ಜೆಯ, 90ರ ಮಂದತೆಯ ಗೇರ್ ಎಣ್ಣೆ. ತುಂಬುವ ತೂತಿನ ಅಂಚಿಗೆ ಬಂದು ತೊಟ್ಟಿಕ್ಕುವವರೆಗೆ ಹಾಕಿದೆ.

ಏಪ್ರಿಲ್ 6, ಶನಿವಾರ

ವಾರವಿಡೀ ಮಳೆ, ಇವತ್ತು ಬಿಸಿಲು. ಛಾವಣಿ ಮಡಚಿ ಕೆನಿಲ್ವರ್ತ್ ಕಡೆಗೆ ಹೊರಟೆ. ಮನೆಯ ಮುಂದೆ ರಿವರ್ಸ್ ಹಾಕುವಾಗ ಅಭ್ಯಾಸಬಲದಿಂದ ಭುಜ ಬಿಗಿಯಾಯಿತು, ಸದ್ದು ಬರಲಿಲ್ಲ. ಎರಡನೆಯ ಗೇರಿನಲ್ಲಿ ಬೇಕೆಂದೇ ಕಾಲು ತೆಗೆದು ಒತ್ತಿ, ತೆಗೆದು ಒತ್ತಿ ನೋಡಿದೆ. ಕಾರು ಎಳೆಯುತ್ತದೆ, ಬಿಡುತ್ತದೆ, ಅಷ್ಟೇ. ತಿರುವಿನ ನಡುವೆ ಆಕ್ಸಿಲರೇಟರ್ ಕೊಟ್ಟಾಗ ಹಿಂಭಾಗ ಮೊದಲು ಅರೆಕ್ಷಣ ಅನುಮಾನಿಸುತ್ತಿತ್ತು. ಈಗ ಕಾಲಿನ ಜೊತೆಗೇ ಹೊರಡುತ್ತದೆ. ಇಷ್ಟು ದಿನ ಅದನ್ನು ಹಳೆಯ ಕಾರಿನ ಸ್ವಭಾವ ಎಂದುಕೊಂಡಿದ್ದೆ.

ಗಂಟೆಗೆ 55 ಮೈಲಿಯ ಆಸುಪಾಸಿನಲ್ಲಿ ಒಂದು ಸಣ್ಣ ಗುಂಯ್‌ಗುಡುವಿಕೆ ಹೊಸದಾಗಿ ಕೇಳುತ್ತಿದೆ. ಕ್ರೌನ್-ಪಿನಿಯನ್‌ನ ದನಿ, ಮೊದಲು ರಬ್ಬರು ನುಂಗಿಕೊಳ್ಳುತ್ತಿದ್ದದ್ದು. ಛಾವಣಿ ತೆರೆದಿದ್ದರೆ ಗಾಳಿಯಲ್ಲಿ ಮುಳುಗಿಹೋಗುತ್ತದೆ, ಮುಚ್ಚಿದ್ದರೆ ಕೇಳುತ್ತದೆ. ನನಗೆ ಒಪ್ಪಿಗೆ. ಪ್ರತಿದಿನ ಮೋಟಾರ್‌ವೇಯಲ್ಲಿ ದೂರ ಓಡಿಸುವವರು ಮಾತ್ರ ರಬ್ಬರಿನದನ್ನೇ ಹುಡುಕುವುದು ಒಳ್ಳೆಯದು.

ಏಪ್ರಿಲ್ 13, ಶನಿವಾರ

ನೂರ ಐವತ್ತು ಮೈಲಿ ಆದ ಮೇಲೆ ಕೆಳಗೆ ಮಲಗಿ ಎಲ್ಲ ನಟ್‌ಗಳಿಗೂ ರೆಂಚ್ ಇಟ್ಟು ನೋಡಿದೆ. ಯಾವುದೂ ಸಡಿಲಿಲ್ಲ. ಪಿಪಿಎಫ್ ಅಳತೆ ಹಾಗೆಯೇ ಇದೆ. ಹೊಸ ಬಿಳಿ ರಟ್ಟನ್ನು ಬುಧವಾರದಿಂದ ಡಿಫರೆನ್ಷಿಯಲ್ಲಿನ ಕೆಳಗೆ ಹಾಸಿದ್ದೇನೆ. ಇವತ್ತಿನವರೆಗೂ ಒಂದು ಕಲೆ ಬಿದ್ದಿಲ್ಲ. ಮುಂದಿನ ಗುರುವಾರ ಎಂಒಟಿ.