ಅಮ್ಮನ ಶುಗರ್ ಅವನಿಗೆ ಹೇಗೆ ಗೊತ್ತು?

"ಮೇಡಂ, ನಿಮ್ಮ ಎಚ್‌ಬಿಎ1ಸಿ 8.2 ಬಂದಿದೆಯಲ್ಲ, ನಮ್ಮ ಹತ್ರ ಒಳ್ಳೇ ಪುಡಿ ಇದೆ" ಅಂತ ಯಾರೋ ಅಮ್ಮನಿಗೆ ಫೋನ್ ಮಾಡಿದ. (ಎಚ್‌ಬಿಎ1ಸಿ ಅಂದರೆ ಎರಡು-ಮೂರು ತಿಂಗಳ ಸರಾಸರಿ ಶುಗರ್.) ರಿಪೋರ್ಟು ಫ್ರಿಜ್ ಮೇಲೆ, ಮಾತ್ರೆ ಡಬ್ಬಿ ಕೆಳಗೆ ಮಡಚಿಟ್ಟ ಹಾಗೇ ಇತ್ತು. ನಾನೇ ಇನ್ನೂ ನೋಡಿರಲಿಲ್ಲ. ಎರಡು ವಾರ ಕಳೆದ ಮೇಲೆ ಲ್ಯಾಬಿನಿಂದ ಮೆಸೇಜು: ಕೆಲವು ಗ್ರಾಹಕರ ಮಾಹಿತಿ ಸೋರಿಕೆ ಆಗಿರಬಹುದು. ಆಗಿರಬಹುದಂತೆ!

ಪಾಸ್‌ವರ್ಡ್ ಬದಲಿಸಬಹುದು, ಶುಗರ್ ರಿಪೋರ್ಟ್ ಬದಲಿಸೋಕಾಗುತ್ತಾ? ಆದರೂ ಕೈಲಾದದ್ದು ಮಾಡಿದೆ. ಏನೇನು ಸೋರಿದೆ ಅಂತ ಲ್ಯಾಬಿಗೆ ಇಮೇಲ್‌ನಲ್ಲೇ ಕೇಳಿದೆ. ಕೌಂಟರಿನ ಬಾಯಿಮಾತಿಗೆ ದಾಖಲೆ ಇರಲ್ಲ. ಆಧಾರ್ ಜೆರಾಕ್ಸ್ ಕೊಟ್ಟಿದ್ದೆವಲ್ಲ (ಯಾಕೆ ಕೊಟ್ಟೆವೋ), ಎಂ-ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿದೆ. ಅಮ್ಮನ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಿದೆ. ಎರಡು, ಎರಡೂ ನಮ್ಮವೇ. ಗೊತ್ತಿಲ್ಲದ ಸಾಲ ಎದ್ದಿದೆಯಾ ಅಂತ ಸಿಬಿಲ್ ರಿಪೋರ್ಟನ್ನೂ (ನಮ್ಮ ಹೆಸರಲ್ಲಿರೋ ಸಾಲಗಳ ದಾಖಲೆ) ತೆಗೆಸಿದೆ, ವರ್ಷಕ್ಕೊಂದು ಪುಕ್ಕಟೆ ಸಿಗುತ್ತೆ. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ ತಕ್ಷಣ ಫೋನ್ ಹಚ್ಚಬೇಕಾದ ಸೈಬರ್ ಸಹಾಯವಾಣಿ 1930 ನಂಬರನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದ್ದೇನೆ.

ಈಗ ಗುರುತಿಲ್ಲದವರು ಫೋನ್ ಮಾಡಿದರೆ ಅಮ್ಮ, "ಮೊದಲು ನಿಮ್ಮ ಶುಗರ್ ಎಷ್ಟು ಹೇಳಿ" ಅಂತಾಳೆ.