ಹಿಮ್ಮಡಿ ಊರಿ ಹತ್ತಿದ್ದು

23 ಆಗಸ್ಟ್ 2025, ಶನಿವಾರ
ಹನುಮಂತನಗರ

ಮೂರು ದಿನದ ಮೇಲೆ ಇವತ್ತು ಕಾಲಿಗೆ ಚಪ್ಪಲಿ ಹಾಕಿದೆ. ಬಲಗಾಲಿನ ಹೆಬ್ಬೆರಳ ಬುಡ ಇನ್ನೂ ಕೆಂಪಗಿದೆ, ಮೇಲಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿದೆ. ಬುಧವಾರ ರಾತ್ರಿ ಎರಡು ಗಂಟೆಗೆ ಹೊದಿಕೆಯ ಅಂಚು ತಾಗಿದ್ದಕ್ಕೇ ಎಚ್ಚರವಾಗಿದ್ದು. ಆಮೇಲೆ ಫ್ಯಾನಿನ ಗಾಳಿಯನ್ನೂ ತಡೆಯೋಕಾಗಲಿಲ್ಲ. ಮನೆಯವಳು ಎದ್ದು ಫ್ಯಾನ್ ಆರಿಸಿ, ಕಾಲಡಿಗೆ ಎರಡು ದಿಂಬಿಟ್ಟು, ಬೆಳಗಿನವರೆಗೂ ಪಕ್ಕದಲ್ಲೇ ಕೂತಿದ್ದಳು. ಗೌಟಿಗೆ, ಅಂದರೆ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರೋ ನೋವಿಗೆ, ದಿನಾ ತಗೊಳ್ಳೋ ಮಾತ್ರೆ ಬಿಟ್ಟಿದ್ದೆ ಅಂತ ಅವಳಿಗೆ ಗೊತ್ತು. ಊರಿಗೆ ಹೋದವನು ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದೆ, ಬಂದಮೇಲೂ ನೋವಿಲ್ಲವಲ್ಲ ಅಂತ ಮುಟ್ಟಲಿಲ್ಲ. ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಡಾಕ್ಟರಿಗೆ ತೋರಿಸೋಣ ಅಂತ ಜಯನಗರಕ್ಕೆ ಆಟೋ ಹಿಡಿದೆ. ನಮ್ಮ ಏರಿನಲ್ಲಿ ನಡೆಯೋದು ಸಾಧ್ಯವೇ ಇರಲಿಲ್ಲ. ಗಾಡಿ ನೆಟ್ಟಕಲ್ಲಪ್ಪ ಸರ್ಕಲ್ ದಾಟುವ ಹೊತ್ತಿಗೆ ಡ್ರೈವರ್ ಕನ್ನಡಿಯಲ್ಲಿ ನೋಡಿ ಕೇಳಿದರು, "ಯೂರಿಕ್ ಆಸಿಡ್ಡಾ ಸಾರ್?"

ಹೇಗೆ ಗೊತ್ತಾಯ್ತು ಅಂದೆ.

"ಹಿಮ್ಮಡಿ ಊರಿ ಹತ್ತಿದ್ರಲ್ಲ, ಬೆರಳು ಮೇಲೆತ್ಕೊಂಡು. ನಂದೂ ಅದೇ."

ಬಗ್ಗಿ ನೋಡಿದೆ. ಅವರ ಬಲಗಾಲಿನ ಚಪ್ಪಲಿಯ ಉಂಗುಷ್ಠವನ್ನು ಬ್ಲೇಡಿನಲ್ಲಿ ಕೊಯ್ದು ತೆಗೆದಿತ್ತು. ಹೆಬ್ಬೆರಳು ಹೊರಗೆ, ಬ್ರೇಕು ಒತ್ತುತ್ತಿದ್ದದ್ದು ಪಾದದ ಹೊರ ಅಂಚು. ಆಟೋದಲ್ಲಿ ಗೇರು, ಕ್ಲಚ್ಚು ಎಲ್ಲಾ ಕೈಯಲ್ಲಿ. ಬ್ರೇಕು ಮಾತ್ರ ಬಲಗಾಲಿಗೆ. ಸೌತ್ ಎಂಡ್ ಸರ್ಕಲ್‌ವರೆಗೆ ಎಷ್ಟು ಸಲ ಒತ್ತಿದರೋ, ಪ್ರತಿ ಸಲವೂ ನನ್ನ ಬೆರಳು ಚುಳ್ಳೆಂದಿತು.

ಆಫೀಸಿನಲ್ಲಿ ನಾನು ಈಗ ಗೌಟ್ ಅಂತ ಬಾಯಿಬಿಟ್ಟು ಹೇಳೋದಿಲ್ಲ. ಕಾಲು ಉಳುಕಿದೆ ಅಂತಲೇ ರಜೆ ಚೀಟಿ ಬರೆಯೋದು. ಮೊದಲ ಸಲ ಹೇಳಿದಾಗ "ಏನು, ಪಾರ್ಟಿ ಜೋರಾ?" ಅಂತ ಕೇಳಿದ್ದರು, ಅದು ಇನ್ನೂ ಮರೆತಿಲ್ಲ. ಈ ಮನುಷ್ಯನಿಗೂ ಹಾಗೇ ಆಗಿದೆ. "ಸ್ಟ್ಯಾಂಡಲ್ಲಿ ಎಲ್ರೂ ಕುಡೀತಾನೆ ಅಂತಾರೆ ಸಾರ್. ವರ್ಷಾ ಮಾಲೆ ಹಾಕೋನು ನಾನು." ಬಿಯರಿನಿಂದ ಹೆಚ್ಚಾಗುತ್ತೆ ನಿಜ, ಮಾಂಸದಿಂದಲೂ. ಆದರೆ ಯೂರಿಕ್ ಆಸಿಡ್ ಬಹುಪಾಲು ನಮ್ಮ ಮೈಯಲ್ಲೇ ಹುಟ್ಟುತ್ತೆ, ಕಿಡ್ನಿ ಅದನ್ನು ಹೊರಗೆ ಹಾಕದೆ ಉಳಿಸಿಕೊಳ್ಳೋದೇ ಹೆಚ್ಚಿನವರ ತೊಂದರೆ. ಇದನ್ನ ಎಷ್ಟು ಜನಕ್ಕೆ ಅಂತ ಹೇಳಿಕೊಂಡು ಬರೋದು?

ನೀರು ಎಷ್ಟು ಕುಡೀತೀರಿ ಅಂದೆ. ಸೀಟಿನ ಪಕ್ಕದ ಬಾಟಲಿ ತೋರಿಸಿದರು. ಬೆಳಗ್ಗೆ ಆರಕ್ಕೆ ತುಂಬಿದ್ದು, ಹನ್ನೊಂದಾದರೂ ಕತ್ತಿನವರೆಗೆ ಹಾಗೇ ಇತ್ತು. "ಕುಡಿದ್ರೆ ಎಲ್ಲಿಗೆ ಹೋಗೋದು ಸಾರ್?"

ಅವರು ನೋವು ಬಂದಾಗ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ತಗೊಂಡು ಎರಡು ದಿನ ನುಂಗಿ ಬಿಡ್ತಾರಂತೆ. ನೋವು ಹೋದಮೇಲೂ ಯಾಕೆ ಮಾತ್ರೆ ಅಂತ ಕೇಳಿದರು. ಜೋನಿಬೆಲ್ಲ ಡಬ್ಬಿಯ ತಳದಲ್ಲಿ ಹರಳುಗಟ್ಟುತ್ತಲ್ಲ, ಹಾಗೆ ಕೀಲಿನಲ್ಲಿ ಹರಳು ಕೂತಿರುತ್ತೆ, ನೋವು ಹೋದರೂ ಹರಳು ಹೋಗಿರಲ್ಲ, ರಕ್ತದಲ್ಲಿ ಯೂರಿಕ್ ಆಸಿಡ್ಡನ್ನು ಡೆಸಿಲೀಟರಿಗೆ 6 ಮಿಲಿಗ್ರಾಂಗಿಂತ ಕೆಳಗೆ ಇಳಿಸಿ ಹಾಗೇ ಇಟ್ಟರೆ ಮೆಲ್ಲಗೆ ಕರಗುತ್ತೆ ಅಂದೆ. ಹೇಳುವಾಗ ಗಂಟಲು ಕಟ್ಟಿತು. ಇಷ್ಟೆಲ್ಲ ಗೊತ್ತಿದ್ದೂ ಬಿಟ್ಟವನು ನಾನು.

ಮಧ್ಯಾಹ್ನ ಅಮ್ಮ ತೀರ್ಥಹಳ್ಳಿಯಿಂದ ಫೋನ್ ಮಾಡಿದ್ದಳು. ಮಂಗಳವಾರ ಗೌರಿ ಹಬ್ಬ, ಬೇಲಿ ತುಂಬ ಗೌರಿ ಹೂ ಬಿಟ್ಟಿದೆಯಂತೆ. ಕೆಂಪು ಹಳದಿ, ಬೆಂಕಿಯ ನಾಲಿಗೆ ಹಾಗೆ. ಚಿಕ್ಕಂದಿನಲ್ಲಿ ಅದನ್ನು ಮುಟ್ಟಿದರೆ ಕೈ ತೊಳೆಸುತ್ತಿದ್ದಳು, ವಿಷ ಅಂತ. ಈ ನೋವು ಇಳಿಯೋಕೆ ನಾನೀಗ ನುಂಗುತ್ತಿರುವ ಅರ್ಧ ಮಿಲಿಗ್ರಾಂ ಕಾಲ್ಚಿಸಿನ್ ಆ ಗಿಡದ ಬೀಜದಲ್ಲೂ ಗಡ್ಡೆಯಲ್ಲೂ ಇರುವಂಥದ್ದೇ ಅಂದರೆ ನಂಬಲೇ ಇಲ್ಲ. "ಬೇಳೆ ತಿನ್ನಬೇಡ ಮಾರಾಯ" ಅಂತ ಮತ್ತೆ ಅದೇ. ಬೇಳೆಯಿಂದ ಯೂರಿಕ್ ಆಸಿಡ್ ಏರುತ್ತೆ ಅಂತ ಅವಳ ಭಯ. ಡಾಕ್ಟರ್ ಬೇಳೆ ತಿನ್ನಬಹುದು ಅಂದಿದ್ದಾರೆ. ಆದರೂ ಒಂದು ವರ್ಷ ನಮ್ಮ ಮನೆಯಲ್ಲಿ ಹುಳಿ ಮಾಡಿರಲಿಲ್ಲ, ಮಕ್ಕಳೂ ನನ್ನ ಜೊತೆ ಬರೀ ತಿಳಿಸಾರು ಉಂಡವು.

ಬೆಳಗ್ಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಆಟೋ ಇಳಿಯುವಾಗ ಡ್ರೈವರ್ ಜೇಬಿನಿಂದ ಒಂದು ಚೀಟಿ ತೆಗೆದು ಪೆನ್ನು ಚಾಚಿದರು. "ಆ ದಿನಾ ತಗೊಳೋ ಮಾತ್ರೆ ಹೆಸ್ರು ಬರ್ಕೊಡಿ ಸಾರ್."

ಪೆನ್ನು ತಗೊಂಡೆ, ಬರೆಯಲಿಲ್ಲ. ಕಿಡ್ನಿ ಪರೀಕ್ಷೆ ಮಾಡಿಸಿಯೇ ಶುರುಮಾಡಬೇಕು, ಎಷ್ಟು ಅಂತ ಡಾಕ್ಟರೇ ಹೇಳಬೇಕು, ಕೆಲವರಿಗೆ ಮೈಯೆಲ್ಲ ದದ್ದು ಎದ್ದು ಜೀವಕ್ಕೇ ಬರುತ್ತೆ, ಸರ್ಕಾರಿ ಆಸ್ಪತ್ರೆಗಾದರೂ ಹೋಗಿ ಅಂದೆ. "ಅರ್ಧ ದಿನ ಹೋದ್ರೆ ಗಾಡಿ ಬಾಡಿಗೆ ಯಾರ್ ಕಟ್ತಾರೆ ಸಾರ್" ಅಂದರು. ಬೇಜಾರಿನಿಂದಲ್ಲ, ಲೆಕ್ಕ ಹೇಳಿದ ಹಾಗೆ. ಮೀಟರ್ ಎತ್ತಿ ಹೊರಟುಹೋದರು.

ಬರೆದುಕೊಡದೇ ಇದ್ದದ್ದು ಸರಿ. ಅದು ಗೊತ್ತು. ಆದರೆ ನಾನು ಅವರ ನಂಬರು ಕೇಳಬಹುದಿತ್ತು, ಒಂದು ಅರ್ಧ ದಿನದ ಬಾಡಿಗೆ ಎಷ್ಟಾಗುತ್ತೆ ಮಹಾ, ಒಳಗೆ ಕರೆದುಕೊಂಡು ಹೋಗಿ ನನ್ನ ಪಕ್ಕದಲ್ಲೇ ಕೂರಿಸಿ ಡಾಕ್ಟರಿಗೆ ತೋರಿಸಬಹುದಿತ್ತು.