ಬೆಳಗಿನ ಆರು ಗಂಟೆಯ ಸ್ನಾನ

ತೀರ್ಥಹಳ್ಳಿ ಕಡೆಯ ವೃದ್ಧಾಶ್ರಮವೊಂದರಲ್ಲಿ ಆರೈಕೆ ಕೆಲಸಕ್ಕೆ ಸೇರಿದ ಮೊದಲ ಮಳೆಗಾಲ. ತಿಂಡಿಯ ಹೊತ್ತಿಗೆ ಬೆಳಗಿನ ಪಾಳಿಯವರು ಎಂಟು ಜನರಿಗೆ ಸ್ನಾನ ಮಾಡಿಸಿ ಮುಗಿಸಬೇಕು. ಹಾಗಾಗಿ ಆರಕ್ಕೇ ಶುರು. ಮೂಲೆಯ ಕೋಣೆಯ ಅಮ್ಮನಿಗೆ ಎಂಬತ್ತು ದಾಟಿದೆ, ಮರೆವಿನ ಕಾಯಿಲೆ. ಬಚ್ಚಲಿನ ಬಾಗಿಲು ಕಂಡರೆ ಸಾಕು, ಕಿರುಚುತ್ತಿದ್ದರು. ಒಂದು ದಿನ ನನ್ನ ಕೈ ಕಚ್ಚಿದರು. ವರದಿ ಪುಸ್ತಕದಲ್ಲಿ 'ಸ್ನಾನಕ್ಕೆ ಸಹಕರಿಸುವುದಿಲ್ಲ' ಎಂದು ಬರೆದೆ. ತಪ್ಪು ಅವರದೆಂದು ದಾಖಲಾಯಿತಲ್ಲ, ಸಮಾಧಾನವೂ ಆಯಿತು.

ನೋಡಲು ಬಂದ ಮಗಳ ಬಳಿ ಹೇಳಿಕೊಂಡೆ. ಆಕೆ ನಕ್ಕುಬಿಟ್ಟರು. "ಹಬ್ಬದ ದಿನ ಬಿಟ್ಟರೆ ಅಮ್ಮ ಬೆಳಗ್ಗೆ ಮಿಂದಿದ್ದನ್ನೇ ನಾನು ನೋಡಿಲ್ಲ. ಕೊಟ್ಟಿಗೆ, ತೋಟ ಎಲ್ಲ ಮುಗಿಸಿ ಸಂಜೆಗೆ. ಅಡಿಕೆ ಸಿಪ್ಪೆ ಒಡ್ಡಿ ಹಂಡೆ ಕಾಯಿಸಿ, ಒಲೆಯ ಬಿಸಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು."

ನಾವು ಮಾಡುತ್ತಿದ್ದುದೇನು? ಆಷಾಢದ ಚಳಿಯಲ್ಲಿ, ಟೈಲ್ಸ್ ನೆಲದ ಮೇಲೆ, ಬಟ್ಟೆ ಬಿಚ್ಚಿಸಿ ನೇರವಾಗಿ ತಲೆಗೇ ಶವರ್ ಹಿಡಿಯುತ್ತಿದ್ದೆವು. ನಾನಾಗಿದ್ದರೂ ಕಚ್ಚುತ್ತಿದ್ದೆ.

ಹಿರಿಯ ನರ್ಸ್ ಒಪ್ಪಿ ಅವರ ಸ್ನಾನವನ್ನು ಸಂಜೆ ನಾಲ್ಕಕ್ಕೆ ಬದಲಿಸಿದರು. ಮೊದಲು ಬಿಸಿನೀರು ಬಿಟ್ಟು ಬಚ್ಚಲಲ್ಲಿ ಹಬೆ ತುಂಬಿಸುತ್ತೇನೆ. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡುತ್ತೇನೆ; ವಯಸ್ಸಾದವರ ಚರ್ಮ ತೆಳು, ಬೇಗ ಸುಡುತ್ತದೆ. ಹೆಗಲಿಗೆ ದಪ್ಪ ಟವೆಲ್ ಹೊದಿಸಿ ಪಾದದಿಂದ ಆರಂಭ, ತಲೆ ಕೊನೆಗೆ. ಚೊಂಬು ಅವರ ಕೈಯಲ್ಲೇ ಇರುತ್ತದೆ. "ಇನ್ನೊಂದಿಷ್ಟು ಸಿಪ್ಪೆ ಒಡ್ಡು ಮಾರಾಯ್ತಿ, ನೀರು ಆರಿತು" ಎಂದರೆ "ಒಡ್ಡಿದೆ ಅಮ್ಮ" ಎಂದು ಗೀಸರ್ ಹಾಕುತ್ತೇನೆ.

ಮೈ ಪೂರ್ತಿ ಕಣ್ಣಿಗೆ ಬೀಳುವುದು ಆಗಲೇ. ಬೆನ್ನಿನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳಿಚದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಆ ಬದಿಯ ಮೇಲೆ ಮಲಗಿಸಬಾರದು. ಅಂಥ ಕಡೆ ನಾನೊಮ್ಮೆ ಒಳ್ಳೆಯದಾಗಲೆಂದು ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿ ಬೈಸಿಕೊಂಡಿದ್ದೇನೆ. ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಮಳೆಗಾಲದಲ್ಲಿ ಬಟ್ಟೆಯದೂ ಒಂದು ಕಾಟ: ಅರೆ ಒಣಗಿದ ಲಂಗ ಉಡಿಸಿದರೆ ತೊಡೆಸಂದಿಯಲ್ಲಿ ಹುಣ್ಣು. ಒಳಬಟ್ಟೆಗೂ ಇಸ್ತ್ರಿ ಹಾಕಿಯೇ ಉಡಿಸುತ್ತೇವೆ.

ಈಗಲೂ ಕೆಲವು ದಿನ ಬೇಡವೆಂದರೆ ಬೇಡ. ಮುಖ, ಕಂಕುಳು, ತೊಡೆಸಂದಿ ಒರೆಸಿ ಬಿಡುತ್ತೇನೆ. ಈ ವಯಸ್ಸಿಗೆ ದಿನವೂ ಮೀಯಲೇಬೇಕೆಂದಿಲ್ಲ. ಮೀಯದಿದ್ದರೆ ಮೈಲಿಗೆ ಎಂದುಕೊಂಡ ಮನೆಯವರಿಗೆ ಇದನ್ನು ಫೋನಿನಲ್ಲಿ ಒಪ್ಪಿಸುವುದೇ ಹೆಚ್ಚು ಕಷ್ಟ.

ಉಳಿದ ಏಳು ಜನರನ್ನೂ ಒಬ್ಬೊಬ್ಬರಾಗಿ ಕೇಳುತ್ತಿದ್ದೇನೆ. ನಿವೃತ್ತ ಮೇಷ್ಟರೊಬ್ಬರಿಗೆ ಐದಕ್ಕೇ ತಣ್ಣೀರು ಬೇಕಂತೆ. ನಾವು ಬರುವವರೆಗೆ ದಿನವೂ ಟವೆಲ್ ಹೆಗಲಿಗೆ ಹಾಕಿಕೊಂಡು ಒಂದು ಗಂಟೆ ಕಾಯುತ್ತಿದ್ದರಂತೆ.